ಕಮಲಮ್ಮನ ಪುಡಿ

ಎಲ್ಲರಿಗೂ ಬೇಕಾದ, ಆದರೆ ಯಾರೂ ಹೆಸರು ಹೇಳಿ ಕೇಳದ ಸಾಮಾನುಗಳು ಕೆಲವಿರುತ್ತವೆ. ಇದು ಅಂಗಡಿ ಇಟ್ಟವನಿಗೆ ಮಾತ್ರ ಗೊತ್ತು. ಅಂಥದ್ದನ್ನು ಕೊಳ್ಳಲು ಬಂದವರು ಮೊದಲು ಬೇಡದ ಬೆಲ್ಲ ಕೊಳ್ಳುತ್ತಾರೆ, ಆಮೇಲೆ ಬೇಡದ ಬೆಂಕಿಪೊಟ್ಟಣ ಕೊಳ್ಳುತ್ತಾರೆ, ಬಿಸಿಲು ಜಾಸ್ತಿಯಾಯಿತು ಎನ್ನುತ್ತಾರೆ, ಕೊನೆಗೆ ನಮ್ಮ ಭುಜದಾಚೆಯ ಗೋಡೆ ನೋಡುತ್ತ ನಿಲ್ಲುತ್ತಾರೆ. ಯಲಹಂಕದ ಸಂತೆಬೀದಿಯ ನನ್ನ ಅಂಗಡಿಯಲ್ಲಿ ಅಂಥದ್ದೊಂದಿತ್ತು: ಮೈಮೇಲಿನ ಕೂದಲು ತೆಗೆಯುವ ಪುಡಿ. ತಯಾರಿಸಿದವರು ತಗಡಿನ ಡಬ್ಬಿಯ ಮೇಲೆ 'ರೋಮನಾಶಕ ಚೂರ್ಣ' ಎಂದು ಅಚ್ಚು ಹಾಕಿಸಿದ್ದರು. ರೋಮವೆಂದರೆ ಕೂದಲು, ನಾಶಕವೆಂದರೆ ನಾಶಮಾಡುವುದು. ಅರ್ಥದಲ್ಲಿ ಒಂದು ಕುಂದಿಲ್ಲ. ಆದರೆ ಅದನ್ನು ಬಾಯಿಬಿಟ್ಟು ಹೇಳಿದ ಒಬ್ಬ ಗಿರಾಕಿಯನ್ನೂ ನಾನು ಕಂಡಿಲ್ಲ. ನೀರಿನಲ್ಲಿ ಕಲಸಿದಾಗ ಅದು ಹೊಡೆಯುವ ಕೊಳೆತ ಮೊಟ್ಟೆಯ ನಾತಕ್ಕೂ ಆ ಗಂಭೀರ ಹೆಸರಿಗೂ ಹೊಂದಾಣಿಕೆಯೇ ಇರಲಿಲ್ಲ ಅನ್ನಿ.

ಇದರ ವ್ಯಾಪಾರವೆಲ್ಲ ನನ್ನ ಹೆಂಡತಿಯದು. ಅಂಗಡಿಯ ಹಿಂದೆಯೇ ಮನೆ. ಹೆಂಗಸರು ಹಿತ್ತಲ ಬಾಗಿಲಿಗೆ ಬಂದು "ಕಮಲಮ್ಮಾ" ಎಂದರೆ ಸಾಕು, ಡಬ್ಬಿ ಸೆರಗಿನ ಮರೆ ಸೇರುತ್ತಿತ್ತು. ಕಳೆದ ಮಳೆಗಾಲದಲ್ಲಿ ಅವಳು ವಿಷಮಶೀತ ಜ್ವರದಿಂದ ತೀರಿಕೊಂಡಳು. ಕರ್ಮಗಳೆಲ್ಲ ಮುಗಿದು ಅಂಗಡಿ ತೆರೆದ ದಿನ ಬ್ಯಾಟರಾಯನಪುರದ ಹೆಂಗಸೊಬ್ಬಳು ಮುಂಬಾಗಿಲಿಗೇ ಬಂದು, "ಅಣ್ಣಾ, ಕಮಲಮ್ಮನ್ ಪುಡಿ ಐತಾ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ನಮ್ಮಲ್ಲಿ ಗಂಡಂದಿರು ಹೆಂಡತಿಯನ್ನು ಹೆಸರು ಹಿಡಿದು ಕರೆಯುವ ಪದ್ಧತಿಯಿಲ್ಲ. ನನಗೂ ಅವಳು ಕೊನೆಯವರೆಗೆ 'ಇಲ್ಲಿ ನೋಡು', ಇಲ್ಲವೇ 'ಏನೇ'. ನಾನೇ ಬಾಯಲ್ಲಿ ಆಡದ ಹೆಸರನ್ನು ಊರು ಈ ನಾರುವ ಪುಡಿಗೆ ಅಂಟಿಸಿಬಿಟ್ಟಿತ್ತು. ಸತ್ತವರ ಹೆಸರು ಉಳಿಯಲೆಂದು ಜನ ಛತ್ರ ಕಟ್ಟಿಸುತ್ತಾರೆ, ಅರವಟ್ಟಿಗೆ ಇಡುತ್ತಾರೆ. ನನ್ನವಳ ಹೆಸರು ಕಂಕುಳ ಕೂದಲಿನ ಜೊತೆ ಉಳಿಯಬೇಕೆ? ಏನಾದರಾಗಲಿ, ಇದನ್ನು ಬಿಡಿಸಲೇಬೇಕು ಎಂದುಕೊಂಡೆ.

"ಅದಕ್ಕೊಂದು ಹೆಸರಿದೆ ತಾಯಿ. ರೋಮನಾಶಕ ಅನ್ನಿ" ಎಂದೆ.

"ಅಯ್ಯೋ ಅಣ್ಣಾ, ಅಂಗೆಲ್ಲ ಬಾಯ್ ತುಂಬ ಅನ್ನಕಾಯ್ತದಾ? ನಾಚ್ಕೆ ಆಗಕಿಲ್ವಾ? ಕಮಲಮ್ಮನ್ ಪುಡಿ ಅಂದ್ರೆ ಯಾರ್ ಮುಂದಾದ್ರೂ ಕೇಳ್ಬೋದು."

ಮಾತಿನಿಂದ ಆಗದ್ದು ಬರಹದಿಂದ ಆಗಲೆಂದು, 'ಇಲ್ಲಿ ರೋಮನಾಶಕ ದೊರೆಯುತ್ತದೆ' ಎಂದು ಹಲಗೆ ಬರೆಸಿ ನೇತುಹಾಕಿದೆ. ಮೊದಲು ಬಂದವನು ಮೀಸೆ ಹೊತ್ತ ರೈತ. "ಸ್ವಾಮೀ, ಇದು ತಿಗಣೆಗೂ ಆಯ್ತದಾ?" ಎಂದು ಕೇಳಿದ. ಆಗುವುದಿಲ್ಲ ಎಂದದ್ದಕ್ಕೆ, ಹಾಗಾದರೆ ನಾಶಕ ಎಂದು ಯಾಕೆ ಬರೆಸಿದ್ದೀರಿ ಎಂದು ನನಗೇ ಬೈದುಹೋದ. ಹೆಂಗಸರಂತೂ ಹಲಗೆ ಕಂಡರೆ ಆಚೆ ಬದಿಯಿಂದ ಹಾದು, ಹಿತ್ತಲಿಗೆ ಬಂದು, ಮುಚ್ಚಿದ ಬಾಗಿಲು ತಟ್ಟತೊಡಗಿದರು. ತಕ್ಕಡಿ ಬಿಟ್ಟು ಓಡಿಹೋಗಿ ಬಾಗಿಲು ತೆಗೆದರೆ, ನನ್ನ ಮುಖ ಕಂಡ ಕೂಡಲೇ ಅವರಿಗೆ ಬೇಕಾದದ್ದು ಕೊತ್ತಂಬರಿ ಬೀಜವಾಗುತ್ತಿತ್ತು.

ಹಲಗೆ ಹಾಕಿದ ಮೇಲೆ ಧೈರ್ಯವಾಗಿ ಎದುರು ನಿಂತು ಮಾತನಾಡಿದವರೆಂದರೆ ಪಕ್ಕದ ಗಲ್ಲಿಯ ಫಾತಿಮಾಬೀ ಒಬ್ಬರೇ. ಅವರ ಮಗಳ ಮದುವೆ ಹತ್ತಿರವಾಗಿತ್ತು. "ನೀವಾದರೂ ಸರಿಯಾದ ಹೆಸರು ಹೇಳಬಾರದೇ?" ಎಂದು ಅವರ ಮುಂದೆ ಗೋಳು ತೋಡಿಕೊಂಡೆ.

"ನಮ್ ಮನೇಲಿ ಇದಕ್ಕೆ ಬಾಲ್ ಸಫಾ ಅಂತಿದ್ರು ಭಾಯ್. ಈಗ ನಾವೂ ಕಮಲಮ್ಮನ ಪುಡಿನೇ ಅನ್ನೋದು. ಎಷ್ಟೊತ್ತು ಬಿಡ್ಬೇಕು ಅಂತ ಡಬ್ಬಿ ಹೇಳುತ್ತಾ? ನಿಮ್ಮನೆಯವರು ಹೇಳ್ತಿದ್ರು. ಹಚ್ಕೊಂಡು ಎಲೆಅಡಿಕೆ ಹಾಕ್ಕೊಳ್ಳಿ, ಬಾಯಿ ಕೆಂಪಾದ ತಕ್ಷಣ ಎದ್ದು ತೊಳ್ಕೊಳ್ಳಿ, ಹರಟೆಗೆ ಕೂತ್ರೆ ಚರ್ಮಾನೂ ಹೋಗುತ್ತೆ ಅಂತ. ಹೇಳಿ ಅವರೇ ನಗೋರು."

ಇಷ್ಟು ಮಾತು, ಇಷ್ಟು ನಗು ನನ್ನ ಬೆನ್ನ ಹಿಂದಿನ ಬಾಗಿಲಲ್ಲೇ ನಡೆಯುತ್ತಿತ್ತು, ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲದ್ದಕ್ಕೂ ಸಿಟ್ಟೇ ಬಂತು. ಆ ದಿನಗಳಲ್ಲಿ ನನಗೆ ಸಲೀಸಾಗಿ ಬರುತ್ತಿದ್ದದ್ದು ಅದೊಂದೇ. ಫಾತಿಮಾಬೀ ಹೋದ ಮೇಲೆ ಆ ಎಲೆಅಡಿಕೆಯ ಮಾತನ್ನು ಎರಡು ಸಲ ಮನಸ್ಸಿನಲ್ಲೇ ಹೇಳಿಕೊಂಡೆ, ಗಿರಾಕಿಗಳಿಗೆ ಹೇಳಲು ಬೇಕಾಗುತ್ತದೆಂಬ ನೆಪದಲ್ಲಿ.

ಮೊನ್ನೆ ಯಶವಂತಪುರದಿಂದ ಸಗಟು ವ್ಯಾಪಾರಿಯ ಕಡೆಯವನು ಸೈಕಲ್ಲಿನಲ್ಲಿ ಬಂದ. ಹೊಸಬ. ಸೋಪು, ಸ್ನೋ, ಹಲ್ಲುಪುಡಿ ಎಲ್ಲ ಹೇಳಿದ ಮೇಲೆ, "ಇನ್ನೇನ್ ಬೇಕು ಸಾರ್?" ಎಂದ.

"ಕಮಲಮ್ಮನ ಪುಡಿ ಮುಗಿದಿದೆ" ಎಂದೆ.

"ಅದ್ಯಾವ್ದು ಸಾರ್? ಹೊಸ ಕಂಪನೀದಾ?"

ನನ್ನ ಬಾಯಿಂದ ಬಂದದ್ದೇನೆಂದು ಆಗಲೇ ನನಗೆ ಹೊಳೆದದ್ದು. ಊರನ್ನೆಲ್ಲ ತಿದ್ದಲು ಹೊರಟವನು ಹದಿನಾರು ವರ್ಷದ ಸಂಸಾರದಲ್ಲಿ ಒಮ್ಮೆಯೂ ಕರೆಯದ ಹೆಸರನ್ನು, ಕಿವಿಯಲ್ಲಿ ಪೆನ್ಸಿಲ್ ಸಿಕ್ಕಿಸಿಕೊಂಡ ಅಪರಿಚಿತನ ಮುಂದೆ, ಕೂದಲು ತೆಗೆಯುವ ಪುಡಿಗಾಗಿ ಹೇಳಿಬಿಟ್ಟಿದ್ದೆ. ಡಬ್ಬಿಯ ಮೇಲಿನ ಹೆಸರು ಹೇಳಿ ಪಾರಾಗಬಹುದಿತ್ತು. ನಾನೇ ಬರೆಸಿದ ಹಲಗೆ ಬೀದಿಗೆ ಮುಖಮಾಡಿತ್ತು, ಎಷ್ಟು ತಡಕಿದರೂ ಆ ಹೆಸರು ನೆನಪಿಗೆ ಬರಲೊಲ್ಲದು.

"ಇನ್ನೊಂದ್ಸಲ ಹೇಳಿ ಸಾರ್, ಸರಿಯಾಗಿ ಕೇಳಿಸ್ಲಿಲ್ಲ" ಎಂದ ಆತ.

ಕಿವಿ ಎಲ್ಲಿಟ್ಟುಕೊಂಡಿದ್ದೀಯಯ್ಯಾ ಎಂದು ರೇಗಿ, ಇನ್ನೊಮ್ಮೆ, ಸ್ವಲ್ಪ ಗಟ್ಟಿಯಾಗಿಯೇ ಹೇಳಿದೆ.