ಸೊಟ್ಟ ಪಟ್ಟಿಯ ದಿಗ್ವಿಜಯ

ಒಂದು ವಿಷಯ ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ನೆಟ್ಟಗಿರುವ ವಸ್ತುವನ್ನು ನೋಡಿದರೆ ನನಗೆ ಏನೂ ನೆನಪಾಗುವುದಿಲ್ಲ. ಮರೆಯಬಾರದ ಕೆಲಸವಿದ್ದರೆ ಎದುರಿಗೆ ಸಿಕ್ಕಿದ್ದನ್ನು ಕೊಂಚ ಸೊಟ್ಟಗೆ ಮಾಡಿಟ್ಟರೇ ಸಮಾಧಾನ. ಬೂದಿಗೆರೆಯ ನಮ್ಮ ಮನೆಯಲ್ಲಿ ಒಮ್ಮೆ ಗ್ಯಾಸ್ ಬುಕ್ ಮಾಡುವುದು ನೆನಪಿರಲೆಂದು ಗೋಡೆಯ ಮೇಲಿದ್ದ ಮಾವನವರ ಫೋಟೋವನ್ನೇ ವಾಲಿಸಿಟ್ಟೆ. ಹೆಂಡತಿ ಪದ್ಮ ಕೆಂಡವಾದಳು. "ನಮ್ಮಪ್ಪ ಬದುಕಿದ್ದಾಗ ಯಾರ ಮುಂದೂ ತಲೆ ಬಾಗಿಸ್ದೋರಲ್ಲ ಕಣ್ರೀ. ಈಗ ಒಂದು ಸಿಲಿಂಡರಿಗೆ ಬಾಗಿಸ್ಬಿಟ್ರಲ್ಲ!" ಎಂದಳು. ಸಿಲಿಂಡರ್ ಮಾತ್ರ ಸಮಯಕ್ಕೆ ಸರಿಯಾಗಿ ಬಂತು.

ಇದು ಹುಟ್ಟುಗುಣವಲ್ಲ, ಹೊಟ್ಟೆಪಾಡಿನ ಗುಣ. ನಾನು ದೇವನಹಳ್ಳಿ ಕಡೆ ವಿಮಾನಗಳಿಗೆ ದಾರಿ ಹೇಳುವ ಟವರಿನಲ್ಲಿ ಹದಿನೈದು ವರ್ಷಗಳಿಂದ ಕೂತಿದ್ದೇನೆ. ಸಾಸಲಿನಲ್ಲಿರುವ ನನ್ನ ಚಿಕ್ಕಪ್ಪ ಇಂದಿಗೂ ನಾನು ಕೆಳಗೆ ನಿಂತು ಬಾವುಟ ಬೀಸುತ್ತೇನೆಂದೇ ತಿಳಿದಿದ್ದಾರೆ. ತಿದ್ದುವ ಧೈರ್ಯ ನನಗಿಲ್ಲ. ನಮ್ಮಲ್ಲಿ ಒಂದೊಂದು ವಿಮಾನಕ್ಕೂ, ರನ್‌ವೇಗೆ ಹೋಗುವ ಜೀಪಿಗೂ ಒಂದೊಂದು ಕಾಗದದ ಪಟ್ಟಿ. ಎಲ್ಲವನ್ನೂ ಸಾಲಾಗಿ ಜೋಡಿಸಿಡುತ್ತೇವೆ. ಯಾವುದರದ್ದಾದರೂ ಕೆಲಸ ಬಾಕಿಯಿದ್ದರೆ ಆ ಪಟ್ಟಿಯನ್ನು ಸೊಟ್ಟಗಿಡುತ್ತೇವೆ. ಕಣ್ಣು ಹಾಯಿಸಿದ ಕೂಡಲೇ ಅದು ಚುಚ್ಚುತ್ತದೆ. ಇಷ್ಟೇ ನಮ್ಮ ಗುಟ್ಟು.

ಇಂಥ ಸುಖಸಂಸಾರಕ್ಕೆ ಹೊಸ ಯಂತ್ರ ಬಂತು. ಇನ್ನು ಕಾಗದವಿಲ್ಲ, ಪಟ್ಟಿಗಳೆಲ್ಲ ಮುಟ್ಟಿದರೆ ಸರಿಯುವ ಪರದೆಯ ಮೇಲೆ. ಪಕ್ಕದ ತರಬೇತಿ ಕೋಣೆಯಲ್ಲಿ ನಕಲಿ ವಿಮಾನಗಳನ್ನು ಹಾರಿಸಿ ಪರೀಕ್ಷೆ. ಯಂತ್ರಕ್ಕೂ ಪರೀಕ್ಷೆ, ನಮಗೂ ಪರೀಕ್ಷೆ. ನಪಾಸಾದವರು ಟವರ್ ಇಳಿದು ಫೈಲು ವಿಭಾಗಕ್ಕೆ ಹೋಗಬೇಕೆಂದು ನಮ್ಮ ಮುಖ್ಯಾಧಿಕಾರಿ ತಣ್ಣಗೆ ಹೇಳಿದರು. ಆ ಕಿಟಕಿ, ಆಚೆ ನಂದಿಬೆಟ್ಟ, ಕಿವಿಯಲ್ಲಿ ಪೈಲಟ್‌ಗಳ ದನಿ, ಇವನ್ನು ಬಿಟ್ಟರೆ ನಾನು ಯಾರು?

ನನ್ನ ಸರದಿಯ ದಿನ ರನ್‌ವೇ ತೋರಿಸುವ ದೊಡ್ಡ ಪರದೆಯ ತುಂಬ ನಕಲಿ ಮಂಜು ಸುರಿದಿದ್ದರು. ರನ್‌ವೇ ತಪಾಸಣೆಗೆ ಒಂದು ಜೀಪನ್ನು ಕಳಿಸಿದೆ. ಜೀಪಿನ ಚಾಲಕನಾಗಿ ಪಕ್ಕದ ಕೋಣೆಯಿಂದ ಮಾತಾಡುತ್ತಿದ್ದವನು ಹೊಸಕೋಟೆಯ ಮುನಿರಾಜು, ನನ್ನ ಸಹೋದ್ಯೋಗಿ. ಅಭ್ಯಾಸದಂತೆ ಜೀಪಿನ ಪಟ್ಟಿಯನ್ನು ಬೆರಳಿನಿಂದ ವಾಲಿಸಲು ಹೋದೆ. ಅದು ವಾಲಲಿಲ್ಲ. ಮತ್ತೆ ಒತ್ತಿದೆ. ಮತ್ತೆ ನೆಟ್ಟಗಾಯಿತು. ಅಷ್ಟರಲ್ಲಿ ನಾಲ್ಕು ವಿಮಾನಗಳು ಒಟ್ಟಿಗೆ ಕರೆದವು. ಆ ಗಡಿಬಿಡಿಯಲ್ಲಿ ಒಂದಕ್ಕೆ ಇಳಿಯಲು ಅನುಮತಿ ಕೊಟ್ಟೇಬಿಟ್ಟೆ.

"ಸಾರ್! ಜೀಪು ಇನ್ನೂ ರನ್‌ವೇ ಮೇಲೇ ಇದೆ ಸಾರ್!" ಎಂದು ಮುನಿರಾಜು ಕೂಗಿದ. ತಕ್ಷಣ ವಿಮಾನವನ್ನು ಇಳಿಸದೆ ಮತ್ತೆ ಮೇಲಕ್ಕೆ ಹೋಗಲು ಹೇಳಿದೆ. ಅಂಗಿಯೆಲ್ಲ ಒದ್ದೆಯಾಗಿತ್ತು, ಆ ಬೆವರೊಂದೇ ಅಲ್ಲಿ ಅಸಲಿ.

ಕೊನೆಗೆ ವರದಿ ಬರೆಯಬೇಕು. ವಿಮಾನ ಇಳಿಯದೆ ಹೋದದ್ದಕ್ಕೆ ಕಾರಣ ಎಂಬ ಕಾಲಂ ಬಾಯ್ತೆರೆದುಕೊಂಡಿತ್ತು. ಮುನಿರಾಜು ಬಂದು ಕಿವಿಯಲ್ಲಿ ಪಿಸುಗುಟ್ಟಿದ: "ಮಂಜು ಜಾಸ್ತಿ ಇತ್ತು ಅಂತ ಬರ್ದಾಕು ಗುರು. ನಕಲಿ ವಿಮಾನ ತಾನೆ? ನಾನಂತೂ ಬಾಯ್ಬಿಡಲ್ಲ."

ಆಸೆಯೇನೋ ಆಯಿತು, ಸುಳ್ಳೇಕೆ ಹೇಳಲಿ? ಆದರೆ ತಪ್ಪು ಮಾಡಿದವನೇ ತಪ್ಪನ್ನು ಬರೆಯಬೇಕೆಂಬುದು ನಮ್ಮ ವೃತ್ತಿಯ ಮರ್ಯಾದೆ. ಇವತ್ತು ನಾನು ಮುಚ್ಚಿಟ್ಟದ್ದು ನಾಳೆ ಅಸಲಿ ಮಂಜಿನಲ್ಲಿ ಯಾರ ತಲೆಯ ಮೇಲೆ ಬೀಳುತ್ತದೋ! ಹಲ್ಲು ಕಚ್ಚಿಕೊಂಡು ಬರೆದೆ: "ಜೀಪನ್ನು ಮರೆತೆ. ಪಟ್ಟಿಯನ್ನು ಸೊಟ್ಟಗಿಡಲು ಆಗಲಿಲ್ಲ." ಮನೆಗೆ ಬಂದು ಪದ್ಮಳಿಗೆ ಫೈಲು ವಿಭಾಗದ ಸುದ್ದಿ ಹೇಳಿದೆ. "ಹೋಗ್ಲಿ ಬಿಡಿ, ಭಾನುವಾರ ರಜಾ ಆದ್ರೂ ಸಿಗುತ್ತೆ," ಎಂದಳು. ಸಮಾಧಾನವೋ ಸಂತೋಷವೋ ತಿಳಿಯಲಿಲ್ಲ.

ಮೂರನೆಯ ದಿನ ಕರೆ ಬಂತು. ಯಂತ್ರ ತಯಾರಿಸಿದ ತಂಡದ ಇಂಜಿನಿಯರ್ ನಂದಿತಾ ಎಲ್ಲರೆದುರು ಎದ್ದು ನಿಂತರು. "ನಿಮ್ಮ ವರದಿ ಓದಿ ಎಲ್ಲರ ರೆಕಾರ್ಡಿಂಗ್ ನೋಡಿದ್ವಿ ಸರ್. ಪ್ರತಿಯೊಬ್ಬರ ಬೆರಳೂ ಪಟ್ಟಿ ವಾಲಿಸೋಕೆ ಒದ್ದಾಡಿದೆ. ಮುನಿರಾಜು ಸರ್ ಹನ್ನೊಂದು ಸಲ ಪ್ರಯತ್ನಿಸಿದ್ದಾರೆ. ಬರೆದಿದ್ದು ಮಾತ್ರ ನೀವೊಬ್ರೇ." ಮುನಿರಾಜು ಸೀಲಿಂಗ್ ಫ್ಯಾನನ್ನು ನೋಡತೊಡಗಿದ. ಈಗ ಪಟ್ಟಿ ವಾಲುತ್ತದೆ, ಹೆಚ್ಚು ಹೊತ್ತು ವಾಲಿದ್ದರೆ ಕೆಂಪಾಗಿ ಕೂಗುತ್ತದೆ ಎಂದರು ನಂದಿತಾ. ನನಗೆ ಮರುಪರೀಕ್ಷೆ, ಅದೂ ಮೇಲಿನ ಅಧಿಕಾರಿಗಳ ಸಮ್ಮುಖದಲ್ಲಿ! ಹೆಮ್ಮೆಯಿಂದ ಎರಡಿಂಚು ಬೆಳೆದೆ.

ಮರುಪರೀಕ್ಷೆಯಲ್ಲಿ ಮತ್ತೆ ಅದೇ ಮಂಜು, ಅದೇ ಜೀಪು. ಪಟ್ಟಿಯನ್ನು ವಾಲಿಸಿದೆ, ವಾಲಿತು! ಆ ಖುಷಿಯಲ್ಲಿ ಅಧಿಕಾರಿಗಳ ಕಡೆ ತಿರುಗಿ, ಎಚ್ಚರವೇ ನಮ್ಮ ಉಸಿರು, ಮರೆವೇ ನಮ್ಮ ಶತ್ರು ಎಂದು ವಿವರಿಸತೊಡಗಿದೆ. ನಡುವೆ ಯಂತ್ರ ಕಿಟಾರನೆ ಕಿರುಚಿತು. ಜೀಪು! ಅದನ್ನು ತಕ್ಷಣ ಹೊರಗೆ ಕರೆಸಿ, ವಿಮಾನವನ್ನು ಹೂವಿನಂತೆ ಇಳಿಸಿದೆ.

ಎಲ್ಲರೂ ಚಪ್ಪಾಳೆ ತಟ್ಟಿದರು. "ಬೇಕಂತಲೇ ಮರೆತ ಹಾಗೆ ಮಾಡಿ ತೋರಿಸಿದ್ರಲ್ಲ, ಭೇಷ್!" ಎಂದು ಮುಖ್ಯಾಧಿಕಾರಿ ನನ್ನ ಕೈ ಕುಲುಕಿ, ಟವರಿನಲ್ಲೇ ಮುಂದುವರಿಯುವ ಆದೇಶಕ್ಕೆ ಸಹಿ ಹಾಕಿದರು. ನಾನೂ ಗಂಭೀರವಾಗಿ ತಲೆಯಾಡಿಸಿದೆ. ಆಮೇಲೆ ವರದಿಯ ಹಾಳೆ ಮುಂದೆ ಬಂತು. ಎಚ್ಚರಿಕೆ ಕೂಗಿದ್ದಕ್ಕೆ ಕಾರಣ? ಪೆನ್ನು ಹಿಡಿದು ಬಹಳ ಹೊತ್ತು ಯೋಚಿಸಿ, ಕೊನೆಗೆ ನಿಜವನ್ನೇ ಬರೆದೆ:

"ಭಾಷಣ ಮಾಡುತ್ತಿದ್ದೆ."