ಹೊಳವನಹಳ್ಳಿಗೆ ಬಂದ ಫ್ರಾನ್ಸಿನ ಮಿಲ್ಲಿನವರು

ಹಿಟ್ಟಿನ ಮಿಲ್ಲು ನಡೆಸುವವನು ನಗುವನ್ನು ಹುಡುಕಿಕೊಂಡು ಎಲ್ಲಿಗೂ ಹೋಗಬೇಕಾಗಿಲ್ಲ. ನಗುವೇ ರಾಗಿ ಡಬ್ಬ ಹೊತ್ತುಕೊಂಡು ಬಾಗಿಲಿಗೆ ಬರುತ್ತದೆ. ಹೊಳವನಹಳ್ಳಿ ಬಸ್ ಸ್ಟಾಪಿನ ಹಿಂದೆ ನನ್ನ ಮಿಲ್ಲು. ಅಪ್ಪ ಅಮ್ಮ ಇಟ್ಟ ಹೆಸರು ಆಧಾರ್ ಕಾರ್ಡಿನಲ್ಲಿ ಮಾತ್ರ ಉಳಿದಿದೆ, ಊರಿಗೆಲ್ಲ ನಾನು ‘ಮಿಲ್ಲಣ್ಣ’. ಅದಕ್ಕೆ ಬೇಸರವಿಲ್ಲ. ಬೇಸರವೆಲ್ಲ ಆ ಹೆಸರಿನ ಜೊತೆ ಅಂಟಿಕೊಂಡು ಬಂದ ಗುಮಾನಿಯದು. ಮಿಲ್ಲಿನವನು ಅಂದಮೇಲೆ ಹಿಟ್ಟು ಕದ್ದೇ ಕದಿಯುತ್ತಾನಂತೆ! ಇಷ್ಟು ವರ್ಷದಲ್ಲಿ ಒಂದು ಹಿಡಿ ಮುಟ್ಟಿದವನಲ್ಲ ನಾನು. ಯಾರಾದರೊಬ್ಬರು ಹಾಗಂತ ಬಾಯಿಬಿಟ್ಟು ಹೇಳಲಿ ಅನ್ನುವುದೊಂದೇ ನನ್ನ ಆಸೆ.

ಮನೆತನದ ಹೆಸರು

ಮಗಳ ಸಂಬಂಧ ಕೇಳಿಕೊಂಡು ನಾನೂ ನನ್ನ ಭಾವಮೈದನೂ ಪಾವಗಡದ ಕಡೆ ಹೋಗಿದ್ದೆವು. ಹುಡುಗನ ತಾತ ವೀಳ್ಯದೆಲೆಗೆ ಸುಣ್ಣ ಸವರುತ್ತಾ, “ಮೀ ಇಂಟಿಪೇರು ಏಮಿ ಸಾಮಿ?” ಅಂದರು. ಮನೆತನದ ಹೆಸರೇನು ಅಂತ. ನಮ್ಮ ಕಡೆ ಅಂಥದ್ದೆಲ್ಲಿದೆ? ಊರಿನದೊಂದು, ಅಪ್ಪನದೊಂದು ಇನಿಷಿಯಲ್ಲು, ಅಷ್ಟೇ. ನಾನು ತಡವರಿಸುವಷ್ಟರಲ್ಲಿ ಭಾವಮೈದ, “ಮಿಲ್ಲು” ಅಂದುಬಿಟ್ಟ.

ತಾತ ಕಣ್ಣು ಮುಚ್ಚಿ ಬಹಳ ಹೊತ್ತು ಯೋಚಿಸಿದರು. ಆಮೇಲೆ ಮುಖ ಅರಳಿತು.

“ಮಿಲ್ಲುವಾಳ್ಳಾ! ಗೊತ್ತು ಬುಡಪ್ಪ, ಒಳ್ಳೆ ಮನೆತನ. ನಮ್ಮಜ್ಜಿ ಕಡೆಯಿಂದ ದೂರದ ನೆಂಟ್ರಾಗ್ಬೇಕು.”

ಆ ನೆಂಟಸ್ತಿಕೆ ಕೆಡಿಸಲು ನಾನ್ಯಾರು? ಮದುವೆ ಆಯಿತು.

ಹಾಸಿಗೆ ಸಾಬರ ಮನೆ

ಶಿರಾದಲ್ಲಿ ನನ್ನ ಫೋನ್ ರಿಪೇರಿ ಮಾಡುವ ಹುಡುಗನ ಅಂಗಡಿಗೆ ಈಗಲೂ ‘ಹಾಸಿಗೆ ಸಾಬರ ಮನೆ’ ಅಂತಲೇ ಹೆಸರು. ಹತ್ತಿ ಹಿಂಜಿ ಹಾಸಿಗೆ ತುಂಬುತ್ತಿದ್ದವರು ಅವನ ತಾತ. ಒಂದು ದಿನ ನಾನಿರುವಾಗಲೇ ಮುದುಕಿಯೊಬ್ಬಳು ಆಟೋದಿಂದ ಹಾಸಿಗೆ ಇಳಿಸಿಕೊಂಡು ಬಂದಳು.

“ಹತ್ತಿಯೆಲ್ಲ ಗಂಟುಗಂಟಾಗೈತೆ ಕಣಪ್ಪ, ಹಿಂಜಿಕೊಡು.”

“ಅರೇ ಅಮ್ಮಾ, ಆ ಕೆಲ್ಸ ನಮ್ ದಾದಾಂದು. ಅವ್ರು ಹೋಗಿ ಜಮಾನಾ ಆಯ್ತು. ನಂದು ಮೊಬೈಲು.”

ಮುದುಕಿ ಬಿಚ್ಚಿಟ್ಟ ಫೋನುಗಳನ್ನೆಲ್ಲ ಕನಿಕರದಿಂದ ನೋಡಿದಳು. “ಯೋಚ್ನೆ ಮಾಡ್ಬೇಡ ಮಗ. ಈ ಮೊಬೈಲು ಕೈ ಹತ್ಲಿಲ್ಲ ಅಂದ್ರೆ ತಾತನ ಕೆಲ್ಸ ಐತಲ್ಲ. ಇಲ್ಲೇ ಇರ್ಲಿ” ಅಂತ ಹಾಸಿಗೆ ಬಿಟ್ಟು ಹೊರಟೇಹೋದಳು.

ಮುಂದಿನ ಸಲ ಹೋದಾಗ ಗಿರಾಕಿಗಳು ಅದರ ಮೇಲೇ ಕೂತಿದ್ದರು.

ಬಳೆ ಗುರುತು

ನಮ್ಮೂರ ಅಜ್ಜಿಯೊಬ್ಬರಿದ್ದಾರೆ. ಡಬ್ಬವನ್ನು ಸಾಲಿಗಿಟ್ಟ ಕೂಡಲೇ ರಾಗಿಯನ್ನು ಅಂಗೈಯಿಂದ ಸವರಿ ಮಟ್ಟಮಾಡಿ, ಕೈಬಳೆ ತೆಗೆದು ಒತ್ತಿ ಗುರುತು ಮಾಡುತ್ತಾರೆ. ಸರದಿ ಬಂದಾಗ ಗುರುತು ಕೆಟ್ಟಿಲ್ಲವೆಂದು ನೋಡಿಯೇ ಡಬ್ಬ ಕೊಡುವುದು. ಎದುರಿಗೇ ಕೂತಿದ್ದರೂ ಈ ಶಾಸ್ತ್ರ ತಪ್ಪುವುದಿಲ್ಲ. ನನ್ನ ಹೊಟ್ಟೆ ಉರಿಯುವುದೂ ತಪ್ಪುವುದಿಲ್ಲ.

ಮೊನ್ನೆ ಕರೆಂಟು ಹೋಗಿ ಅಜ್ಜಿ ಸಮೇತ ಎಲ್ಲರೂ ಸುಮ್ಮನೆ ಕೂತಿದ್ದೆವು. ಮಧುಗಿರಿ ಬೆಟ್ಟ ಹತ್ತಲು ಹೊರಟ ಫ್ರಾನ್ಸಿನವರೊಬ್ಬರ ಕಾರು ಪಕ್ಕದ ಅಂಗಡಿಯಲ್ಲಿ ಪಂಕ್ಚರಿಗೆ ನಿಂತಿತ್ತು. ಮಿಲ್ಲು ಕಂಡದ್ದೇ ಅವರು ಕುಣಿದಾಡುತ್ತಾ ಒಳಗೆ ಬಂದರು. ಅವರ ಮಾತನ್ನು ಗೈಡ್ ಹುಡುಗಿ ಕನ್ನಡಕ್ಕೆ ತಂದಳು: “ಇವರ ಮನೆತನದ ಹೆಸರು ಮ್ಯೂನಿಯೇ ಅಂತೆ. ಅಂದ್ರೆ ಹಿಟ್ಟಿನ ಮಿಲ್ಲಿನವರು!”

ನನಗೆ ಅಣ್ಣನೇ ಸಿಕ್ಕಿದಷ್ಟು ಸಂತೋಷವಾಯಿತು. ಕುರ್ಚಿ ಕೊಟ್ಟು ಕೂರಿಸಿದೆ.

ಹಿಂದೆ ಅವರ ದೇಶದಲ್ಲೂ ನಮ್ಮ ಹಾಗೇ ಬರೀ ಹೆಸರಂತೆ. ಊರಿಗೆ ಹತ್ತು ಜನ ಒಂದೇ ಹೆಸರಿನವರಾದಾಗ ಕಮ್ಮಾರ, ಕುರಿಕಾಯುವವ, ಮಿಲ್ಲಿನವ ಅಂತ ಕಸುಬು ಸೇರಿಸಿ ಕರೆದರಂತೆ. ಮಕ್ಕಳು ಕಸುಬು ಬಿಟ್ಟರೂ ಅದು ಹಾಗೇ ನಿಂತುಬಿಟ್ಟಿತು. ಇವರು ಬ್ಯಾಂಕಿನಲ್ಲಿರುವುದು. ಆಗೆಲ್ಲ ಮಿಲ್ಲು ದೊರೆಯ ಸ್ವತ್ತು, ಊರವರೆಲ್ಲ ಅಲ್ಲೇ ಬೀಸಿಸಬೇಕು. ಬೀಸುವವನಿಗೆ ಕೂಲಿ ಬದಲು ಹಿಟ್ಟಿನಲ್ಲೇ ಪಾಲು.

“ಪಾಲು ಸರಿಯಾಗಿ ತಗೋತಿದ್ರಾ?” ಅಜ್ಜಿ ಕಲ್ಲುಬೆಂಚಿನಿಂದಲೇ ಕೇಳಿದರು.

ಹುಡುಗಿ ವಿಚಾರಿಸಿ ಹೇಳಿದಳು: “ಜಾಸ್ತಿ ತಗೋತಾರೆ ಅಂತ ಊರೆಲ್ಲ ಗುಮಾನಿ ಇತ್ತಂತೆ ಅಜ್ಜಿ.”

“ನಾನು ಹೇಳ್ಲಿಲ್ವಾ!” ಅಜ್ಜಿ ತೊಡೆ ತಟ್ಟಿದರು. “ಆ ದೇಸ್ದಾಗೂ ಇಂಗೇ ಕಣ್ರಮ್ಮ!”

ನನ್ನ ಮುಖ ಇಳಿಯಿತು. ನನ್ನ ಪರ ಸಾಕ್ಷಿ ಹೇಳುತ್ತಾನೆ ಅಂದುಕೊಂಡವನು ನನ್ನ ಜೊತೆ ತನ್ನ ವಂಶವನ್ನೂ ಮುಳುಗಿಸಿದ.

ಫ್ರಾನ್ಸಿನವರಿಗೆ ಇದೊಂದೂ ಗೊತ್ತಿಲ್ಲ. ಪೂರ್ವಿಕರ ನೆನಪು ಉಕ್ಕಿತೋ ಏನೋ, ಎದ್ದುಬಂದು ಕಣ್ಣು ಮುಚ್ಚಿ, ಅಜ್ಜಿಯ ಡಬ್ಬದೊಳಗೆ ಮೊಣಕೈವರೆಗೆ ಕೈ ಇಳಿಸಿ, ಒಂದು ಹಿಡಿ ರಾಗಿ ಮೇಲೆತ್ತಿ ಮೂಸಿ ನೋಡಿದರು. ಬಳೆ ಗುರುತು ಹೇಳಹೆಸರಿಲ್ಲದಂತೆ ಅಳಿಸಿಹೋಯಿತು.

ಅಜ್ಜಿ ಬೆಂಚಿನಿಂದ ಧುಮುಕಿದರು.

“ಬುಡೋ! ಕೈ ತೆಗಿಯೋ! ಎಷ್ಟು ತಲೆಮಾರಾದ್ರೂ ಬುದ್ಧಿ ಹೋಗಿಲ್ವಲ್ಲಲೇ! ನಮ್ಮೋನು ಹಿಂಗೆ ಒಂದಿನಾನಾದ್ರೂ ಕೈ ಹಾಕವ್ನಾ? ಚಿನ್ನದಂಥೋನು ಕಣಮ್ಮ ನಮ್ಮ ಮಿಲ್ಲಣ್ಣ!”

ಇಡೀ ಮಿಲ್ಲು ಕೇಳಿಸಿಕೊಂಡಿತು. ನನ್ನ ಕಣ್ಣಲ್ಲಿ ನೀರೇ ಬಂತು.

ಅಜ್ಜಿ ರಾಗಿ ಮಟ್ಟಮಾಡಿದರು. ಬಳೆ ಒತ್ತಲಿಲ್ಲ. ಡಬ್ಬ ತಂದು ನನ್ನ ಕಾಲ ಬಳಿ ಇಟ್ಟು, ದನಿ ತಗ್ಗಿಸಿ ಹೇಳಿದರು:

“ಅವ್ನು ಹೋಗೋಗಂಟ ನೀನು ಕಾಯ್ಕಂಡಿರು. ಆಮೇಕೆ ನಿನ್ನ ನಾನು ಕಾಯ್ಕತೀನಿ.”