ಸೀಟಿಗಾಗಿ ಒಂದು ಗೋಲು

ನಾನು ತಿರುಗದ ದೇಶ ಕಡಿಮೆ. ಫುಟ್‌ಬಾಲ್ ಹುಚ್ಚನ್ನು ಎಲ್ಲ ಕಡೆಯೂ ಕಂಡಿದ್ದೇನೆ. ಆದರೆ ನಾನು ಹುಲ್ಲಹಳ್ಳಿಯಲ್ಲಿ ಹುಡುಗಿಯರ ಟೀಮು ಕಟ್ಟಿದಾಗಿನಿಂದ ಆಗುತ್ತಿರುವಂಥ ಫಜೀತಿ ಬೇರೆಲ್ಲೂ ಆಗಲಿಕ್ಕಿಲ್ಲ. ವಾರಕ್ಕೊಂದಾದರೂ ಆಗದಿದ್ದರೆ ನನಗೇ ಊಟ ಸೇರುವುದಿಲ್ಲ.

ಟವೆಲ್ಲು

ಸೆಲೆಕ್ಷನ್ ದಿನ ಮೈದಾನಕ್ಕೆ ಹೋದರೆ ಒಬ್ಬ ಹುಡುಗಿಯೂ ಬಂದಿರಲಿಲ್ಲ. ಸ್ಟ್ರೈಕರ್ ನಿಲ್ಲುವ ಜಾಗದಲ್ಲಿ ಮಾತ್ರ ಒಂದು ಟವೆಲ್ಲು, ಎರಡು ದುಪಟ್ಟಾ, ಒಂದು ಟಿಫನ್ ಬ್ಯಾಗು. ಟವೆಲ್ಲಿನ ಕಾವಲಿಗೆ ಒಬ್ಬ ತಾಯಿ.

"ಏನ್ರೀ ಇದು?"

"ಜಾಗ ಇಡ್ದಿವ್ನಿ ಮೇಡಂ. ನಮ್ಮುಡ್ಗಿ ಬತ್ತಾವ್ಳೆ."

"ಇದು ಮೈಸೂರು ಬಸ್ಸಲ್ಲ ಕಣ್ರೀ. ಆಡಿ ತೋರಿಸಬೇಕು."

"ಆಡ್ಲಿ, ಯಾರ್ ಬ್ಯಾಡ ಅಂದ್ರು? ಮೊದ್ಲು ಟವೆಲ್ ಆಕ್ದೋರ್ ಯಾರು ಅಂತ ಬೇಕಾರೆ ಎಲ್ರುನ್ನೂ ಕೇಳಿ!"

ಗೋಲ್‌ಕೀಪರ್ ಜಾಗಕ್ಕೆ ಮಾತ್ರ ಯಾರೂ ಒಂದು ಕರ್ಚೀಫನ್ನೂ ಹಾಕಿರಲಿಲ್ಲ.

ವಿಡಿಯೋ

ಆ ತಾಯಿಯ ಮಗಳೇ ನಮ್ಮ ಸ್ಟ್ರೈಕರ್ ಆದಳು. ಟವೆಲ್ಲಿನಿಂದಲ್ಲ, ಕಾಲಿನಿಂದ. ಎಂಥಾ ಕಾಲು! ಪಿಯುಸಿ ಮುಗಿಯುತ್ತಿತ್ತು. ಮೈಸೂರಿನ ಕಾಲೇಜೊಂದರಲ್ಲಿ ಕ್ರೀಡಾ ಕೋಟಾದ ಒಂದೇ ಸೀಟು ಉಳಿದಿತ್ತು. ಅದು ತಪ್ಪಿದರೆ ಓದೂ ಆಟವೂ ಅಲ್ಲಿಗೇ ನಿಂತ ಹಾಗೆ. "ಆಟದ ವಿಡಿಯೋ ಕಳಿಸಿ" ಅಂದರು ಅಲ್ಲಿನ ಕೋಚ್.

ನಂಜನಗೂಡಿನ ಮದುವೆ ವಿಡಿಯೋದವನನ್ನು ಕರೆಸಿದೆ. ಹುಡುಗಿ ಜಡೆ ಹಾಕಿಕೊಂಡಿದ್ದು, ಶೂ ಕಟ್ಟಿಕೊಂಡಿದ್ದು, ಅವಳ ಮೇಲೆ ಗುಲಾಬಿ ದಳ ಉದುರಿದ್ದು, ಎಲ್ಲ ಬಂದಿತ್ತು. ಗೋಲು ಹೊಡೆಯುವ ಹೊತ್ತಿಗೆ ಮಾತ್ರ ಕ್ಯಾಮೆರಾ ಅವಳ ದೊಡ್ಡಮ್ಮಂದಿರು ಚಿತ್ರಾನ್ನ ತಿನ್ನುವುದನ್ನು ನೋಡುತ್ತಿತ್ತು.

"ಗೋಲ್ ಎಲ್ಲಯ್ಯಾ?"

"ಇನ್ನೊಂದ್ಸಲ ಒಡೀಲಿ ಬುಡಿ ಮೇಡಂ. ನಾವು ತಾಳೀನೇ ಎರಡೆರಡು ಸಲ ಕಟ್ಟುಸ್ತೀವಿ."

ಸನ್ಮಾನ

"ಜಡೆ ಚೆನ್ನಾಗಿದೆ. ಆಟ ನಾನೇ ಬಂದು ನೋಡ್ತೀನಿ" ಎಂದು ವಿಡಿಯೋ ನೋಡಿದ ಮೈಸೂರು ಕೋಚ್ ತಿ. ನರಸೀಪುರದ ಮ್ಯಾಚಿಗೆ ಬಂದೇಬಿಟ್ಟರು!

ಮೈಸೂರಿನಿಂದ ಬಂದವರನ್ನು ಸುಮ್ಮನೆ ಕೂರಿಸುವುದುಂಟೇ? ಆಟ ನಡೆಯುತ್ತಿರುವಾಗಲೇ ಶಾಮಿಯಾನದಲ್ಲಿ ಸನ್ಮಾನ ಶುರುವಾಯಿತು. ಹುಡುಗಿ ಮೊದಲ ಗೋಲು ಹೊಡೆದಾಗ ಕೋಚ್ ಕಣ್ಣಿನ ಮೇಲೆ ಮೈಸೂರು ಪೇಟ ಇಳಿದಿತ್ತು. ಎರಡನೆಯದು ಹೊಡೆದಾಗ ಫೋಟೋಗೆ ನಿಂತವರ ಬೆನ್ನುಗಳು ಅಡ್ಡ. ಆಟ ಮುಗಿಯುತ್ತ ಬಂದಿತ್ತು.

ಬಾಲು ಹೊರಗೆ ಹೋದ ಸಂದಿನಲ್ಲಿ ಹುಡುಗಿ ಶಾಮಿಯಾನಕ್ಕೇ ನುಗ್ಗಿದಳು.

"ಸಾ, ನನ್ ಆಟ ನೋಡಕ್ ಬಂದ್ರೋ, ಆರ ಆಕುಸ್ಕಳಕ್ ಬಂದ್ರೋ?"

ಪಾಪ, ಕೋಚ್ ಮುಖ ಕೆಂಪಾಯಿತು. ಹಾರ, ಪೇಟ, ಕೈಯಲ್ಲಿದ್ದ ರಸಬಾಳೆ ಬುಟ್ಟಿ ಸಮೇತ ಓಡಿಹೋಗಿ ಎದುರಾಳಿಗಳ ಗೋಲ್ ಕಂಬದ ಹಿಂದೆ ನಿಂತರು. ಅಲ್ಲಿಂದ ಆಟ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ನಮ್ಮ ಕಡೆ ಗೋಲಿಗೆ ಬಲೆ ಕಟ್ಟಿರುವುದಿಲ್ಲ.

ಹುಡುಗಿ ಇಬ್ಬರನ್ನು ತಪ್ಪಿಸಿ, ಕೀಪರ್ ಹಾರುವ ಮೊದಲೇ ಬಾರಿಸಿದಳು ನೋಡಿ! ಗೋಲು! ಬಾಲು ಅಲ್ಲಿ ನಿಲ್ಲಲಿಲ್ಲ, ಸೀದಾ ಕೋಚ್ ಹೊಟ್ಟೆಗೇ ಹೋಯಿತು. ಬುಟ್ಟಿ ಒಂದು ಕಡೆ, ಬಾಳೆಹಣ್ಣು ಒಂದು ಕಡೆ, ಕೋಚ್ ನೆಲದ ಮೇಲೆ.

ಹುಡುಗಿ ಬಾಲು ಎತ್ತಿಕೊಂಡು ಅವರ ಮುಂದೆ ನಿಂತಳು. "ಈಗ ಕಾಣುಸ್ತಾ ಸಾ? ಇಲ್ದಿದ್ರೆ ಇನ್ನೊಂದ್ ಒಡೀತೀನಿ."

ಕೋಚ್ ಕೂತಲ್ಲಿಂದಲೇ ಎರಡೂ ಕೈ ಎತ್ತಿದರು.

"ಬೇಡ ಕಣಮ್ಮಾ! ಸೀಟು ಕೊಟ್ಟೆ!"